ಇನ್ನೊಂದು ತುದಿ

"ರವಿಕೆ ತೋಳು ಮಡಚೇ ಮುಂಡೇ! ಆ ಕೊಳಕು ತೋಳು ಶೀಟಿಗೆ ತಾಗಿ ಗಿರಾಕಿ ಹೋದ್ರೆ, ಇನ್ನೊಬ್ಬನ್ನ ನಿಮ್ಮಪ್ಪ ಕರ್ಕೊಂಡ್ ಬರ್ತಾನಾ?"

ಬಟ್ಟೆ ಒಗೆಯುವ ಶೆಡ್ಡಿನ ಯಜಮಾನ ಬಾಗಿಲಲ್ಲೇ ನಿಂತು ಕಿರುಚಿದ. ಹೋಟೆಲಿನ ಶೀಟು ಹಿಂಡುತ್ತಿದ್ದ ಅತ್ತಿಗೆ, ನಾದಿನಿ ಇಬ್ಬರ ಕೈಯೂ ನಿಂತಿತು. ಅತ್ತಿಗೆ ರವಿಕೆಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು.

ಆ ಶೆಡ್ಡಿನ ಹಿಂಡುವ ಯಂತ್ರ ಕೆಟ್ಟು ಯಾವ ಕಾಲವಾಯಿತೋ. ಅಷ್ಟು ದೊಡ್ಡ ಶೀಟನ್ನು ಒಬ್ಬಳೇ ಹಿಂಡಲಾಗದು. ಇಬ್ಬರು ಒಂದೊಂದು ತುದಿ ಹಿಡಿದು ಎದುರುಬದುರು ತಿರುಚಬೇಕು. ಜೋಡಿ ಇಲ್ಲದವಳಿಗೆ ಅಲ್ಲಿ ಕೆಲಸವಿಲ್ಲ.

ಅತ್ತಿಗೆಗೆ ಮೈಮೇಲೆ ಸುಟ್ಟ ಹಾಗೆ ಗುಳ್ಳೆ ಏಳುವ ಕಾಯಿಲೆ. ಗುಳ್ಳೆ ಒಡೆದವು, ಮಾಯ್ದವು; ಮಾಯ್ದ ಜಾಗದ ಬಣ್ಣ ಮಾತ್ರ ವಾಪಸ್ಸು ಬರಲಿಲ್ಲ. ತೋಳಿನ ತುಂಬ ಬೆಳ್ಳಗೆ ತೇಪೆ ತೇಪೆ. "ಅಂಟೋದಲ್ಲಮ್ಮ, ಗುಳ್ಳೆ ಎದ್ದ ಕಡೆ ಬಣ್ಣ ಹೋಗಿದೆ ಅಷ್ಟೆ" ಎಂದಿದ್ದರು ಡಾಕ್ಟರು. ಅದನ್ನು ಈ ಯಜಮಾನನಿಗೆ ಹೇಳುವ ಎದೆ ಯಾರಿಗಿದೆ! ಅದಕ್ಕೇ ಅವಳು ಉದ್ದ ತೋಳಿನ ರವಿಕೆ ತೊಟ್ಟು, ಒದ್ದೆಯಲ್ಲೇ ದಿನ ದೂಡುತ್ತಿದ್ದಳು.

ಯಜಮಾನ ಬಂದವನೇ ಕೋಲಿನ ತುದಿಯಿಂದ ಅವಳ ರವಿಕೆಯ ತೋಳನ್ನು ಮೇಲಕ್ಕೆ ಸರಿಸಿದ.

"ಅಯ್ಯಯ್ಯೋ, ತೊನ್ನು! ಇದನ್ನ ಮುಚ್ಚಿಟ್ಕೊಂಡು ನನ್ನ ತೊಟ್ಟಿಗೆ ಕೈ ಹಾಕ್ತಿದ್ಯೇನೇ ಬೇವರ್ಸಿ?"

"ಗುಳ್ಳೆ ಮಾಯ್ದ ಕಲೆ ಯಜಮಾನ್ರೇ. ಅಂಟಲ್ಲ. ಡಾಕ್ಟ್ರು..."

ಯಜಮಾನ ಶೆಡ್ಡಿನ ಉಳಿದ ಹೆಂಗಸರತ್ತ ತಿರುಗಿದ. "ಇವಳ ಜೊತೆ ಯಾರು ಹಿಂಡ್ತೀರಿ? ಬನ್ನಿ ಮುಂದೆ. ಬಂದವರೂ ಇವಳ ಹಿಂದೇನೇ ಮನೆಗೆ!"

ದಿನಾ ಆ ತೋಳಿಗೆ ಬರಿಗೈಯಲ್ಲಿ ಮುಲಾಮು ಹಚ್ಚುತ್ತಿದ್ದವಳು ನಾದಿನಿಯೇ. "ಕಂತಲ್ಲಿ ಬೆಳ್ಳಗಾಗ್ತಿದ್ದೀಯ ಅತ್ತಿಗೆ, ಅಣ್ಣಂಗೆ ಪುಕ್ಕಟೆ ಹೊಸ ಹೆಂಡ್ತಿ" ಎಂದು ನಗಿಸುತ್ತಿದ್ದವಳೂ ಅವಳೇ. ಈಗ ಅವಳ ಕೈಯಿಂದ ಶೀಟಿನ ತುದಿ ಜಾರಿ ನೆಲಕ್ಕೆ ಬಿತ್ತು.

"ಇಬ್ರೂ ಮನೇಲಿ ಕೂತ್ರೆ ಮಕ್ಕಳ ಹೊಟ್ಟೆಗೇನು ಅತ್ತಿಗೆ?" ಎಂದು ಅಳತೊಡಗಿದಳು.

ಅತ್ತಿಗೆಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಹೊಟ್ಟೆ ಯಾರ ಮಾತು ಕೇಳುತ್ತದೆ! ಭಯವಾಯಿತು, ಬರೀ ಭಯ. ಆ ಭಯದಲ್ಲೇ ಬಗ್ಗಿ, ಬಿದ್ದ ತುದಿಯನ್ನು ಎತ್ತಿಕೊಂಡು, ನೀರು ಸುರಿಯುವ ಶೀಟನ್ನು ಎಳೆಯುತ್ತ ಯಜಮಾನನ ಮುಂದೆ ಹೋಗಿ ನಿಂತಳು. ರವಿಕೆಯ ತೋಳು ಇಳಿಸಿಕೊಳ್ಳಲಿಲ್ಲ.

"ಜೋಡಿ ಬಿಡಿಸಿದವನು ನೀನು. ನೀನೇ ಹಿಡಿ."

"ದೂರ... ದೂರ ನಿಲ್ಲೇ!"

ಯಜಮಾನನ ಕೈಯಿಂದ ಕೋಲು ಬಿತ್ತು. ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಗೋಡೆಗೆ ಒತ್ತಿಕೊಂಡ.

ಅತ್ತಿಗೆ ಭಯದಲ್ಲೇ ಆ ತುದಿಯನ್ನು ಅವನತ್ತ ಚಾಚಿದಳು.

"ಹಿಡಿಯೋ" ಎಂದಳು.