ಓಡದ ಹೋಲ್‌ರಾಯ್ಡ್

ಈನಕ್ ಹೋಲ್‌ರಾಯ್ಡ್ ಓಡುತ್ತಿರಲಿಲ್ಲ. ಎರಡು ಕಡೆಯ ಇಪ್ಪತ್ತಾರು ಮಂದಿ ಎಂಬತ್ತು ನಿಮಿಷ ಎದೆಯೊಡೆಯುವಂತೆ ಓಡಿ, ಒಬ್ಬರನ್ನೊಬ್ಬರು ಕೆಡವಿ, ಕೆಸರಿನಲ್ಲಿ ಹೊರಳಿ, ಎದ್ದು ಮತ್ತೆ ಓಡುವ ರಗ್ಬಿ ಲೀಗ್ ಎಂಬ ಆಟದಲ್ಲಿ, ಬಿದ್ದವರನ್ನು ಎಬ್ಬಿಸುವ ಕೆಲಸ ಹೊತ್ತ ಈ ಒಬ್ಬ ಮನುಷ್ಯ ಮಾತ್ರ, ಎಡಗೈಯಲ್ಲಿ ತಣ್ಣೀರಿನ ಬಕೆಟ್ಟು, ಬಲಗೈಯಲ್ಲಿ ಹಳೆಯ ಸ್ಪಂಜು ಹಿಡಿದು, ಒಂದು ಹನಿಯೂ ತುಳುಕದಂತೆ ನಡೆದೇ ಹೋಗುತ್ತಿದ್ದ. ಮೈದಾನದ ಸುತ್ತ ನಿಂತ ಸಾವಿರಾರು ಗಣಿಕೆಲಸದವರಿಗೆ ಇದು ವಾರವಾರದ ಪುಕ್ಕಟೆ ಮನರಂಜನೆ.

"ಓಡಲೇ ಹೋಲ್‌ರಾಯ್ಡ್! ಅಲ್ಲಿ ಮನಷ್ಯಾ ಬಿದ್ದಾನ, ನೀ ತ್ವಾಟ ನೋಡಾಕ ಹೊಂಟಿಯೇನು?"

"ಏ ಮುದುಕಾ, ನೀ ಮುಟ್ಟೂದ್ರಾಗ ಅವಂಗ ಪೆನ್ಶನ್ ಬರ್ತೈತಿ!"

ಆತ ತಿರುಗಿ ನೋಡುತ್ತಿರಲಿಲ್ಲ. ಮೊಣಕಾಲಿನ ಕೆಳಗಿಳಿಯುವ ಕಂದು ಕೋಟು, ಅದರ ಒಂದು ಜೇಬಿನಲ್ಲಿ ಬಟ್ಟೆಪಟ್ಟಿಗಳು, ಇನ್ನೊಂದರಲ್ಲಿ ಕಿತ್ತಳೆಯ ಹೋಳುಗಳು ಮತ್ತು ಗಣಿಯ ಕುದುರೆಗಳಿಗೆಂದು ಇಟ್ಟುಕೊಂಡ ಸಕ್ಕರೆ ಗಡ್ಡೆಗಳು. ನಲವತ್ತು ವರ್ಷ ನೆಲದಡಿಯ ಲಾಯದಲ್ಲಿ, ಕಲ್ಲಿದ್ದಲಿನ ಬಂಡಿ ಎಳೆಯುವ ಕುಳ್ಳ ಕುದುರೆಗಳ ಆರೈಕೆ ಮಾಡುತ್ತ ಬಂದವನು ಆತ. ತಗ್ಗು ಚಾವಣಿಗೆ ಒಗ್ಗಿಹೋದ ಆ ಕುತ್ತಿಗೆ, ಮೇಲೆ ಆಕಾಶವೇ ತೆರೆದಿದ್ದರೂ ನೆಟ್ಟಗಾಗುತ್ತಿರಲಿಲ್ಲ. ಮೊಣಕಾಲು ಕೊಂಚ ಬಗ್ಗಿಸಿ, ತಲೆ ತಗ್ಗಿಸಿ, ಹುಬ್ಬಿನಡಿಯಿಂದ ಮುಂದೆ ನೋಡುತ್ತ ನಡೆಯುವ ಆ ನಡಿಗೆಯನ್ನು ಯಾರ್ಕ್‌ಷೈರಿನ ನಮ್ಮ ಗಣಿಯೂರಿನ ಮಕ್ಕಳೆಲ್ಲ ಅಣಕಿಸುತ್ತಿದ್ದರು. ಸ್ಥಳೀಯ ಪತ್ರಿಕೆಗೆ ಆಟದ ವರದಿ ಬರೆಯುತ್ತಿದ್ದ ನಾನೂ ಹರೆಯದಲ್ಲಿ ಅಣಕಿಸಿದವನೇ.

ಒಮ್ಮೆ ಕೇಳಿಯೇಬಿಟ್ಟೆ, ಯಾಕೆ ಓಡುವುದಿಲ್ಲ ಎಂದು. ಆತ ಪೈಪಿನ ಬೂದಿ ಕೊಡವುತ್ತ ಹೇಳಿದ: "ಕುದರಿ ಬಿದ್ದಾಗ ನೀ ಓಡಿಹೋದ್ರ ಅದು ಹೆದರಿ ಏಳತೈತಿ. ಏಳಬಾರದ್ದು ಎದ್ದುಬಿಡತೈತಿ. ನಿಧಾನ ಹೋಗಬೇಕು, ಕಾಲು ನೋಡ್ಕೋತ ಹೋಗಬೇಕು. ಮುಟ್ಟೂದ್ರಾಗ ಅರ್ಧ ಗೊತ್ತಾಗಿರತೈತಿ." ಪೈಪನ್ನು ಮತ್ತೆ ತುಂಬುತ್ತ ಇನ್ನೊಂದು ಮಾತು ಸೇರಿಸಿದ: "ಪೆಟ್ಟಾಗದ್ದು ಒಂದೀಟು ನಿಂತು ಸುಧಾರಿಸ್ಕೊತೈತಿ, ತಮ್ಮಾ. ಒಳಗ ಪೆಟ್ಟಾಗಿದ್ದಕ್ಕ ಅವಸರ ಭಾಳ."

ಆ ಕಾಲದಲ್ಲಿ ಬದಲಿ ಆಟಗಾರರೆಂಬುದೇ ಇರಲಿಲ್ಲ. ಹದಿಮೂರು ಮಂದಿಯಲ್ಲಿ ಒಬ್ಬ ಹೊರಬಿದ್ದರೆ ಉಳಿದ ಹನ್ನೆರಡು ಮಂದಿಯೇ ಹೆಣಗಬೇಕು. ಆದ್ದರಿಂದ ಮುರಿದ ಬೆರಳು, ಬಿರಿದ ಪಕ್ಕೆಲುಬು ಇವನ್ನೆಲ್ಲ ನುಂಗಿಕೊಂಡು ಆಡುವುದೇ ಗಂಡಸುತನವಾಗಿತ್ತು. ಮೂಳೆಯ ಮಟ್ಟಿಗೆ ಹೋಲ್‌ರಾಯ್ಡ್ ಕೂಡ ಅಷ್ಟೇನೂ ತಕರಾರು ಮಾಡುತ್ತಿರಲಿಲ್ಲ. ಪಟ್ಟಿ ಬಿಗಿದು, ಬೆನ್ನು ತಟ್ಟಿ ಕಳಿಸುತ್ತಿದ್ದ. ತಲೆಗೆ ಪೆಟ್ಟು ಬಿದ್ದರೆ ಮಾತ್ರ ಬಕೆಟ್ಟು ಕೆಳಗಿಟ್ಟು, ಮಂಡಿಯೂರಿ ಕುಳಿತು, ಯಾವ ವೈದ್ಯನೂ ಕೇಳದ ಒಂದೇ ಪ್ರಶ್ನೆ ಕೇಳುತ್ತಿದ್ದ: "ಮುಂಜಾನೆ ಏನ ತಿಂದಿ?" ಉತ್ತರ ತಡವರಿಸಿದರೆ, ಅವನು ಎಂಥ ಪೈಲ್ವಾನನಾಗಿರಲಿ, ಆ ದಿನದ ಆಟ ಅವನಿಗೆ ಮುಗಿದ ಹಾಗೆಯೇ. ಇದಕ್ಕಾಗಿಯೇ ಆಟದ ದಿನಗಳಲ್ಲಿ ಆತ ತಿಂಡಿಯ ಮೇಜಿನ ತುದಿಗೆ ಕುಳಿತು ಎಲ್ಲರ ತಟ್ಟೆಗಳನ್ನು ಹೊಟ್ಟೆಬಾಕನ ಹಾಗೆ ದಿಟ್ಟಿಸುತ್ತಿದ್ದ.

ಶನಿವಾರ ಆಡಿದರೆ ಗಣಿಯ ಕೂಲಿ ತಪ್ಪುತ್ತದೆ, ಅದನ್ನು ತುಂಬಿಕೊಡಿ ಎಂದು ನಮ್ಮ ಅಜ್ಜಂದಿರು ಕೇಳಿದ್ದು, ದಕ್ಷಿಣದ ಶ್ರೀಮಂತರು ಮೂಗು ಮುರಿದದ್ದು, ಅದರ ಸಿಟ್ಟಿಗೆ ಉತ್ತರದವರು ಬೇರೆಯಾಗಿ ಹದಿಮೂರು ಮಂದಿಯ ಈ ಆಟ ಕಟ್ಟಿಕೊಂಡದ್ದು ಹಳೆಯ ಕಥೆ. ಸ್ವದೇಶದ ಮರ್ಯಾದಸ್ಥರು ಲೆಕ್ಕಕ್ಕಿಡದ ಈ ಆಟವನ್ನು ಭೂಮಿಯ ಇನ್ನೊಂದು ತುದಿಯ ಆಸ್ಟ್ರೇಲಿಯದವರು ಎದೆಗಪ್ಪಿಕೊಂಡರು. ಅಂದಿನಿಂದ ನಾಲ್ಕು ವರ್ಷಕ್ಕೊಮ್ಮೆಯೋ ಐದು ವರ್ಷಕ್ಕೊಮ್ಮೆಯೋ ಅವರ ಹಡಗು ಇತ್ತ ಬರುವುದು, ನಮ್ಮ ಹಡಗು ಅತ್ತ ಹೋಗುವುದು. ಗಣಿಗಿಳಿಸುವ ಕಬ್ಬಿಣದ ಪಂಜರದಲ್ಲಿ ನಿಂತು ಕತ್ತಲೆಗೆ ಹೋಗುವುದನ್ನು ಬಿಟ್ಟರೆ ಬೇರೆ ಪ್ರಯಾಣವನ್ನೇ ಕಾಣದ ನಮ್ಮವರಿಗೆ ಆ ಹಡಗೇ ಸ್ವರ್ಗದ ಬಾಗಿಲು. ಮುಂದಿನ ಮೇ ತಿಂಗಳು ಹೊರಡುವ ಹಡಗಿನಲ್ಲಿ ದೇಶದ ತಂಡದ ಆರೈಕೆಯವನಾಗಿ ಹೋಲ್‌ರಾಯ್ಡ್ ಹೋಗುವುದೆಂದು ಬಾಯಿಮಾತಿನಲ್ಲಿ ತೀರ್ಮಾನವಾಗಿತ್ತು. ಸೂಯೆಜ್, ಏಡನ್, ಕೊಲಂಬೊ, ಫ್ರೀಮ್ಯಾಂಟಲ್ ಎಂದು ಆತ ಬಂದರುಗಳ ಹೆಸರನ್ನು ಮಂತ್ರದಂತೆ ಹೇಳಿಕೊಳ್ಳುತ್ತಿದ್ದ. "ಐದು ವಾರ, ತಮ್ಮಾ," ಎನ್ನುತ್ತಿದ್ದ ನನ್ನ ತೋಳು ಹಿಡಿದು, "ಐದು ವಾರ ತಲಿ ಮ್ಯಾಲ ಬರೇ ಆಕಾಶ!" ಅರವತ್ತರ ಅಂಚಿನ ಆ ಮನುಷ್ಯನಿಗೆ ಇನ್ನೊಂದು ಹಡಗು ಸಿಗಲಾರದೆಂದು ಅವನಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಅದಕ್ಕೆ ಮೊದಲಿನ ನವೆಂಬರಿನಲ್ಲಿ ಆಸ್ಟ್ರೇಲಿಯದವರು ನಮ್ಮಲ್ಲಿಗೆ ಬಂದಾಗಲೂ ದೇಶದ ತಂಡದ ಬಕೆಟ್ಟು ಹಿಡಿದವನು ಅವನೇ. ಮೊದಲ ಟೆಸ್ಟ್ ಅವರು ಗೆದ್ದರು, ಎರಡನೆಯದನ್ನು ನಾವು ಗೆದ್ದೆವು. ಮೂರನೆಯದು ಕಪ್ ಯಾರದೆಂದು ತೀರ್ಮಾನಿಸುವ ಪಂದ್ಯ. ಆ ಬೆಳಿಗ್ಗೆ ಹೋಟೆಲಿನಲ್ಲಿ ಒಂದು ವಿಚಿತ್ರ ನಡೆಯಿತು. ಹದಿಮೂರು ಆಟಗಾರರೂ ಒಂದೇ ತಿಂಡಿ ಹೇಳಿದರು: ಎರಡು ಮೊಟ್ಟೆ, ಹುರಿದ ಬ್ರೆಡ್ಡು, ಚಹಾ. ಗಂಜಿಯಿಲ್ಲದೆ ದಿನ ತೆರೆಯದವನೂ ಅದನ್ನೇ ಹೇಳಿದ, ಮೊಟ್ಟೆ ಕಂಡರಾಗದ, ಮೈದಾನದ ಅಂಚಿನಲ್ಲಿ ಓಡುವ ಆಟಗಾರನೂ ಕಣ್ಣುಮುಚ್ಚಿ ನುಂಗಿದ. ನಾಯಕ ಲೋಮ್ಯಾಕ್ಸ್ ಕಟ್ಟಿದ ಉಪಾಯವದು. ವಾರದಿಂದಲೂ ತಂತಮ್ಮ ಮನೆಯಲ್ಲಿ ಅದನ್ನೇ ತಿಂದು, ಅದನ್ನೇ ಬಾಯಿಪಾಠ ಮಾಡಿದರೆ, ತಲೆ ತಿರುಗಿದವನ ನಾಲಿಗೆಯೂ ತಾನಾಗಿ ಸರಿಯುತ್ತರ ಹೇಳುತ್ತದೆ, ಮುದುಕ ಯಾರನ್ನೂ ಹೊರಗೆಳೆಯುವಂತಿಲ್ಲ ಎಂದು. ಹೋಲ್‌ರಾಯ್ಡ್ ತುದಿಯಲ್ಲಿ ಕುಳಿತು ಹದಿಮೂರು ತಟ್ಟೆಗಳನ್ನೂ ಒಂದೊಂದಾಗಿ ನೋಡಿದ.

ಪಂದ್ಯ ಯುದ್ಧದಂತಿತ್ತು. ಅರ್ಧ ಆಟಕ್ಕೆ ಮುಂಚೆಯೇ ನಮ್ಮ ಮುಂಚೂಣಿಯ ಆಟಗಾರನೊಬ್ಬನ ಕೊರಳೆಲುಬು ಮುರಿದು, ತಂಡದ ವೈದ್ಯರು ಅವನ ಜೊತೆ ಒಳಗೆ ಹೋಗಿಬಿಟ್ಟರು. ಹನ್ನೆರಡು ಮಂದಿ ಹಲ್ಲುಕಚ್ಚಿ ಆಡಿ, ಹನ್ನೆರಡಕ್ಕೆ ಒಂಬತ್ತು ಅಂಕದ ಮುನ್ನಡೆ ಉಳಿಸಿಕೊಂಡಿದ್ದರು. ಇನ್ನು ಹನ್ನೆರಡು ನಿಮಿಷವಿತ್ತು. ಆಗ ನೆವಿಲ್ ಗಾಂಟ್ ಬಿದ್ದ. ಎರಡೂ ಕಡೆಯವರು ಹೆಗಲಿಗೆ ಹೆಗಲು ಕೊಟ್ಟು ತಳ್ಳಾಡುವ ಸ್ಕ್ರಮ್ಮಿನಿಂದ ಬಂದ ಚೆಂಡು ಹಿಡಿದು ಇಡೀ ಆಟವನ್ನು ಕಟ್ಟುತ್ತಿದ್ದ, ನಮ್ಮ ಊರಿನವನೇ ಆದ ಇಪ್ಪತ್ತೆರಡರ ಹುಡುಗ ಅವನು. ಎದುರಾಳಿಯ ಮೊಣಕಾಲು ಅವನ ಕಪಾಳಕ್ಕೆ ಬಡಿದ ಸದ್ದು ವರದಿಗಾರರ ಬೆಂಚಿನವರೆಗೂ ಕೇಳಿಸಿತು.

ಹೋಲ್‌ರಾಯ್ಡ್ ಎದ್ದ. ನಡೆದ. ನಲವತ್ತು ಸಾವಿರ ಮಂದಿ ಓಡು ಓಡು ಎಂದು ಬೊಬ್ಬಿಟ್ಟರು, ಕೆಲವರು ಅವನ ತಾಯಿಯನ್ನೂ ಬಿಡಲಿಲ್ಲ. ಆತ ಅರ್ಧ ದಾರಿ ಸವೆಸುವುದರೊಳಗೆ ನೆವಿಲ್ ತಟ್ಟನೆ ಎದ್ದು ನಿಂತು, ಚೆಂಡೆಲ್ಲಿ ಎಂದು ಕೂಗುತ್ತ ಆಡುವುದಕ್ಕೆ ಸಿದ್ಧನಾದ. ಜನ ಹೋ ಎಂದು ಕೇಕೆ ಹಾಕಿದರು. ಹೋಲ್‌ರಾಯ್ಡನ ಮುಖ ಮಾತ್ರ ಆ ಕ್ಷಣಕ್ಕೇ ಗಂಟಿಕ್ಕಿದ್ದನ್ನು ನಾನು ನೋಡಿದೆ. ಹುಡುಗನ ತೋಳು ಹಿಡಿದು, ಗೆರೆಯ ಆಚೆಗೆ, ನಮ್ಮ ಬೆಂಚಿನ ಮುಂದಕ್ಕೇ ಕರೆತಂದ. ಲೋಮ್ಯಾಕ್ಸ್ ಹಿಂದೆಯೇ ಬಂದ.

"ಮುಂಜಾನೆ ಏನ ತಿಂದಿ, ತಮ್ಮಾ?"

"ಎರಡು ತತ್ತಿ, ಹುರದ ಬ್ರೆಡ್ಡು, ಚಹಾ," ಎಂದ ನೆವಿಲ್, ಒಂದು ಉಸಿರಿಗೆ.

ಲೋಮ್ಯಾಕ್ಸ್ ಹಲ್ಲು ಕಿರಿದ. "ಸಾಕಾತಲ್ಲೋ ಅಜ್ಜಾ? ಬಿಡು ಅವನ್ನ."

ಹೋಲ್‌ರಾಯ್ಡ್ ಬಿಡಲಿಲ್ಲ. ಹುಡುಗನ ಮುಖದ ಕೆಸರನ್ನು ಸ್ಪಂಜಿನಿಂದ ಮೆಲ್ಲಗೆ ಒರೆಸುತ್ತ ಕೇಳಿದ: "ತಿನ್ನುಮುಂದ ಬಾಜೂಕ ಯಾರ ಕುಂತಿದ್ರು?"

"ನಮ್ಮವ್ವ," ಎಂದ ನೆವಿಲ್. ಇದೇನು ಕೇಳುತ್ತಾನೆ ಎಂಬಂತೆ ನಕ್ಕ. "ಮತ್ಯಾರು? ದಿನಾ ಅಕೀನೇ ಕೂಡ್ತಾಳಲ್ಲ."

ನೆವಿಲನ ತಾಯಿ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಹೋಲ್‌ರಾಯ್ಡ್ ಒಬ್ಬ, ಲೋಮ್ಯಾಕ್ಸ್ ಇನ್ನೊಬ್ಬ. ಲೋಮ್ಯಾಕ್ಸ್ ಮುಖ ತಿರುಗಿಸಿಕೊಂಡು ಮೈದಾನಕ್ಕೆ ಮರಳಿ ಓಡಿದ. ನನ್ನ ಕೈಯಲ್ಲಿದ್ದ ಪೆನ್ಸಿಲು ಅಲ್ಲೇ ನಿಂತಿತು.

ಅಷ್ಟರಲ್ಲಿ ಆಯ್ಕೆದಾರರ ಹಿರಿಯ, ಬಟ್ಟೆ ಗಿರಣಿಯ ಒಡೆಯ ಕ್ರಾಬ್‌ಟ್ರೀ ಸಾಹೇಬರು ಮೆಟ್ಟಿಲಿಳಿದು ಬಂದರು. ಮುಖ ಕೆಂಪಗೆ ಉರಿಯುತ್ತಿತ್ತು.

"ಕಳಸು ಅವನ್ನ ಒಳಗ! ನಿಂತಾನ, ಮಾತಾಡ್ತಾನ, ಇನ್ನೇನು ಬೇಕು ನಿನಗ?"

"ಕಳಸಂಗಿಲ್ರಿ ಸಾಹೇಬ್ರ. ಹುಡುಗ ಇಲ್ಲಿಲ್ಲ."

"ಕಣ್ಣ ಮುಂದ ನಿಂತಾನಲ್ಲೋ! ಹನ್ನೊಂದು ಮಂದಿ ಅದಾರ ಅಲ್ಲಿ, ಹನ್ನೊಂದು! ಮೇ ತಿಂಗಳಾಗ ಹಡಗು ಹೊಂಡತೈತಿ, ನೆನಪೈತಿಲ್ಲ ನಿನಗ?"

"ಐತ್ರಿ."

"ಅದರಾಗ ಯಾರ್ಯಾರು ಹತ್ತಬೇಕು ಅಂತ ಬರಿಯಾಂವ ಯಾರು?"

"ನೀವರಿ," ಎಂದ ಹೋಲ್‌ರಾಯ್ಡ್. ಆಮೇಲೆ ತನ್ನ ಕೋಟು ಬಿಚ್ಚಿ ಹುಡುಗನಿಗೆ ಹೊದಿಸಿ, ಬಕೆಟ್ಟನ್ನು ಮಗುಚಿ ಅದರ ಮೇಲೆ ಕೂರಿಸಿ, ಅವನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡ. ನೆವಿಲ್ ಮೂರು ಸಲ ಕೊಸರಿಕೊಂಡು ಏಳಲು ನೋಡಿದ, ಬೈದ, ಒಮ್ಮೆ ಮುಷ್ಟಿಯಿಂದ ಗುದ್ದಿದ ಕೂಡ. ಮೇಲಿನ ಸಾಲುಗಳಿಂದ ಕಿತ್ತಳೆ ಸಿಪ್ಪೆ, ಬೂದಿ, ಬೈಗುಳ ಎಲ್ಲ ಸುರಿದವು. ಆತ ಕೈ ಸಡಿಲಿಸಲಿಲ್ಲ.

ಹನ್ನೊಂದು ಮಂದಿ ಹದಿಮೂರು ಮಂದಿಯನ್ನು ಹತ್ತು ನಿಮಿಷ ತಡೆದರು. ಅಷ್ಟು ತಡೆದದ್ದೇ ದೊಡ್ಡದು. ಹನ್ನೊಂದನೆಯ ನಿಮಿಷದಲ್ಲಿ, ಎಡಮೂಲೆಯಲ್ಲಿ, ನೆವಿಲ್ ನಿಲ್ಲಬೇಕಾಗಿದ್ದ ಸರಿಯಾಗಿ ಅದೇ ಜಾಗದಲ್ಲಿ ಬಾಯಿಬಿಟ್ಟ ಸಂದಿನಲ್ಲಿ ಆಸ್ಟ್ರೇಲಿಯದವನೊಬ್ಬ ನುಸುಳಿ ಚೆಂಡನ್ನು ಗೆರೆಯಾಚೆ ಊರಿ ಮೂರು ಅಂಕ ಗಳಿಸಿದ. ಹನ್ನೆರಡಕ್ಕೆ ಹನ್ನೆರಡು. ಮೇಲಿನ ಎರಡು ಅಂಕಕ್ಕೆಂದು ಅಂಚಿನಿಂದ ಒದ್ದ ಚೆಂಡು ಗಾಳಿಗೆ ವಾಲಿ, ಕಂಬಕ್ಕೆ ತಾಗಿ, ಒಳಗೇ ಬಿತ್ತು. ಕಪ್ ಹೋಯಿತು. ನಲವತ್ತು ಸಾವಿರ ಜನ ಮನೆಯ ದಾರಿ ಹಿಡಿದರು.

ಈಗ ನನ್ನ ಪಾಪದ ಮಾತು. ಎಲ್ಲವನ್ನೂ ಕಿವಿಯಾರೆ ಕೇಳಿದ್ದ ನಾನು, ಸತ್ತ ತಾಯಿಯ ಮಾತನ್ನು ಪತ್ರಿಕೆಯಲ್ಲಿ ಬರೆಯಲಾಗದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಹೋಲ್‌ರಾಯ್ಡರು ನಿಧಾನವಾಗಿ ನಡೆದರು, ನಮ್ಮ ಕಪ್ ಮಾತ್ರ ಅವಸರವಾಗಿ ಹಡಗು ಹತ್ತಿತು" ಎಂದು ಬರೆದೆ. ಊರಿಗೆ ಬೈಯಲು ಒಬ್ಬ ಬೇಕಾಗಿತ್ತು, ನನಗೆ ಒಂದು ಚಂದದ ವಾಕ್ಯ ಬೇಕಾಗಿತ್ತು. ಜನ ಅದನ್ನು ಬಾಯಿಂದ ಬಾಯಿಗೆ ದಾಟಿಸಿ ನಕ್ಕರು. ಇಂದಿಗೂ ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ. ಮೇ ತಿಂಗಳಲ್ಲಿ ಹಡಗು ಬೇರೆ ಒಬ್ಬನನ್ನು ಹತ್ತಿಸಿಕೊಂಡು ಹೋಯಿತು. ಹೋಲ್‌ರಾಯ್ಡ್ ಎಂದಿನಂತೆ ಬೆಳಗಿನ ಪಾಳಿಗೆ ಪಂಜರದಲ್ಲಿ ಇಳಿದು ತನ್ನ ಕುದುರೆಗಳ ಬಳಿಗೆ ಹೋದ. ದೇಶದ ತಂಡ ಮತ್ತೆ ಅವನನ್ನು ಕರೆಯಲಿಲ್ಲ.

ಮುಂದೆ ಎಷ್ಟೋ ವರ್ಷಕ್ಕೆ ಬದಲಿ ಆಟಗಾರರನ್ನು ಬಿಡುವ ನಿಯಮ ಬಂತು. ಫ್ರಾನ್ಸ್, ನ್ಯೂಜಿಲೆಂಡ್ ಎಲ್ಲ ಸೇರಿ ವಿಶ್ವಕಪ್ಪನ್ನೂ ಆಡತೊಡಗಿದರು. ನೆವಿಲ್ ಆ ಪೆಟ್ಟಿನಿಂದ ಎರಡೇ ದಿನದಲ್ಲಿ ಎದ್ದು, ಇನ್ನೂ ಹತ್ತು ವರ್ಷ ಆಡಿ, ಮೂರು ಮಕ್ಕಳ ತಂದೆಯಾಗಿ, ಗಣಿಯಲ್ಲಿ ಮೇಸ್ತ್ರಿಯಾದ. ಶನಿವಾರ ಮಧ್ಯಾಹ್ನ ಕ್ಲಬ್ಬಿನಲ್ಲಿ ಬಿಯರ್ ಮಗ್ಗು ಹಿಡಿದು ಕೂತರೆ, ಆ ಟೆಸ್ಟಿನ ಕಥೆ ಅವನ ಬಾಯಿಂದ ಬಾರದ ದಿನವಿಲ್ಲ. ಮೂಲೆಯಲ್ಲಿ ಡಾಮಿನೊ ಕಾಯಿ ಜೋಡಿಸುತ್ತ ಕೂತ ಹೋಲ್‌ರಾಯ್ಡನಿಗೆ ಕೇಳಲೆಂದೇ ದನಿಯೇರಿಸಿ ಹೇಳುತ್ತಿದ್ದ: "ನನಗೇನಾಗಿತ್ತಲೇ? ಏನೂ ಆಗಿದ್ದಿಲ್ಲ! ನೋಡ್ರಿ, ಗುಂಡಕಲ್ಲಿನಂಗ ಅದೀನಿ. ಆ ಮೂಲ್ಯಾಗ ನಾ ನಿಂತಿದ್ರ ಅಂವ ದಾಟತಿದ್ದಿಲ್ಲ. ಈ ಮುದುಕ ನನ್ನ ಕಪ್ಪ ಕಸಗೊಂಡಾನ."

ಒಂದು ದಿನ ನನಗೆ ತಡೆಯಲಾಗಲಿಲ್ಲ. ಹೋಲ್‌ರಾಯ್ಡನ ಪಕ್ಕ ಕುಳಿತು, ನೆವಿಲ್ ಆ ದಿನ ಏನು ಹೇಳಿದನೆಂದು, ಅವನಿಗೇ ನೆನಪಿಲ್ಲದ ಆ ಮಾತನ್ನು, ಒಮ್ಮೆ ತಿಳಿಸಿಬಿಡಬಾರದೆ, ನೀವು ಹೇಳದಿದ್ದರೆ ನಾನಾದರೂ ಹೇಳುತ್ತೇನೆ, ಎಂದೆ.

"ಹುಚ್ಚಪ್ಪಾ," ಎಂದ ಆತ, ಕಾಯಿಯಿಂದ ಕಣ್ಣೆತ್ತದೆ. "ಮಂದಿ ಮುಂದ ಅವಂಗ ಸತ್ತ ಅವ್ವನ್ನ ಯಾಕ ನೆನಪ ಮಾಡಿಸ್ತೀ? ಸುಮ್ನಿರು." ನೆವಿಲ್ ಅತ್ತ ಇನ್ನೂ ಕೂಗಾಡುತ್ತಿದ್ದ: ಯಾರು ಎಲ್ಲಿ ನಿಂತಿದ್ದರು, ಗಾಳಿ ಯಾವ ಕಡೆ ಬೀಸುತ್ತಿತ್ತು, ಎಲ್ಲ ಒಂದೂ ಬಿಡದೆ. ಹೋಲ್‌ರಾಯ್ಡ್ ಅದನ್ನು ತಲೆವಾಲಿಸಿ ಕೇಳಿದ. ಅವನ ಮುಖದಲ್ಲಿ ಒಂದು ಸಂತೋಷ ಕಂಡಿತು. "ಕೇಳಿದೇನು? ಬೈಯಾಕ ತಲಿ ನೆಟ್ಟಗೈತಿ. ಅಷ್ಟ ಸಾಕು ನನಗ."

ಲೋಕದಲ್ಲಿ ಇಂಥವರ ಒಂದು ಕುಲವೇ ಇದೆ. ಗೆದ್ದವರಿಗೆ ಕಪ್ ಸಾಕ್ಷಿ, ಸೋತವರಿಗೆ ಗಾಯ ಸಾಕ್ಷಿ. ಆಗಬಹುದಾಗಿದ್ದ ಅನಾಹುತವನ್ನು ಆಗದಂತೆ ತಡೆದವರಿಗೆ ಮಾತ್ರ ಯಾವ ಸಾಕ್ಷಿಯೂ ಇಲ್ಲ, ಏಕೆಂದರೆ ಅಲ್ಲಿ ಏನೂ ಆಗಿಯೇ ಇರುವುದಿಲ್ಲ. ಅವರ ವಿರುದ್ಧ ಮೊದಲು ಸಾಕ್ಷಿ ನುಡಿಯುವವನು ಅವರಿಂದ ಉಳಿದುಕೊಂಡವನೇ. ಅವನು ಗಟ್ಟಿಯಾಗಿ, ತೊದಲದೆ, ವರ್ಷಗಟ್ಟಲೆ ಬೈಯುತ್ತಿರುವುದೊಂದೇ ಅವರಿಗೆ ಸಿಗುವ ಮನ್ನಣೆ. ಅದನ್ನು ಅವರು ಕಿವಿತುಂಬ ಕೇಳಿಸಿಕೊಂಡು, ಮತ್ತೆ ತಮ್ಮ ಡಾಮಿನೊ ಕಾಯಿಗೆ ಕೈ ಹಾಕುತ್ತಾರೆ.