ಉಕ್ಕಿನ ಅಂಗಿಯೊಳಗಿನ ಅಧ್ಯಕ್ಷ

ನಾರಾಯಣಖೇಡದ ಕುರಿಗಾರರ ಸಂಘಕ್ಕೆ ಎರಡನೆಯ ಸಲ ಅಧ್ಯಕ್ಷನಾದ ಮೇಲೆ ಮೋನಮ್ಮನ ಗಂಡ ಮಾಳಿಂಗಪ್ಪ, ಕಚೇರಿಯ ಗೋಡೆಗೆ ತನ್ನದೊಂದು ದೊಡ್ಡ ಚಿತ್ರ ಬೇಕೆಂದು ಹಟ ಹಿಡಿದ. ಫೋನಿನಲ್ಲಿ ಯುರೋಪಿನ ಯಾವನೋ ರಾಜನ ಹಳೆಯ ಚಿತ್ರ ನೋಡಿದ್ದ: ಕುತ್ತಿಗೆಯಿಂದ ಪಾದದವರೆಗೆ ಉಕ್ಕಿನ ಕವಚ, ಅದರ ಮೇಲೆ ಬಂಗಾರದ ಬಳ್ಳಿ, ಸೊಂಟದ ಮೇಲೆ ಕೈ.

"ನನಗೂ ಹಿಂಗೇ ಬೇಕ್ರಿ," ಎಂದು ತಾಂಡೂರಿನ ಚಿತ್ರಗಾರ್ತಿ ಕೌಶಲ್ಯಾಗೆ ಹೇಳಿದ.

"ಆ ರಾಜ ಇದನ್ನ ಹಾಕ್ಕೊಂಡು ಲಡಾಯಿಗೇನು ಹೋಗಿದ್ದಿಲ್ರಿ. ಮಂದಿ ನೋಡಿ ಅಂಜಲಿ ಅಂತ ಬರಿಸ್ಯಾನ," ಅಂದಳು ಅವಳು.

"ನಾನೂ ಅದಕ್ಕೇ ಬರಸ್ತೀನಿ!"

ಜಹೀರಾಬಾದಿನಲ್ಲಿ ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ಖಂಡೆಪ್ಪ ಅಳತೆ ತೆಗೆದು, ತಗಡು ಬಡಿದು, ಬಳ್ಳಿ ಎಳೆದು ಕವಚ ಮಾಡಿಕೊಟ್ಟ. ಗಂಡ ಹೆಂಡತಿ ಅದನ್ನು ಜೀಪಿಗೆ ಹೇರಿಕೊಂಡು ತಾಂಡೂರಿಗೆ ಹೋದರು.

ಏಪ್ರಿಲ್ ತಿಂಗಳು. ಕವಚ ತೊಟ್ಟು ಹತ್ತು ನಿಮಿಷವಾಗಿರಲಿಲ್ಲ, ಮಾಳಿಂಗಪ್ಪನ ಬೆನ್ನು ಕಡಿಯತೊಡಗಿತು. ಗೋಡೆಗೆ ತಿಕ್ಕಿದ, ಸುಣ್ಣ ಉದುರಿತೇ ಹೊರತು ಕಡಿತ ಹೋಗಲಿಲ್ಲ.

"ಬಿಚ್ರೆವ್ವಾ ಯಾರರ, ಸಾಯ್ತೀನಿ!"

"ಮಾರಿ ನಿಮ್ಮದೇ ಬರೀತೀನ್ರಿ. ಮೈಗೆ ಬ್ಯಾರೆ ಯಾರರ ನಿಂತ್ರ ಸಾಕು," ಅಂದಳು ಕೌಶಲ್ಯಾ.

ಮೋನಮ್ಮ ಗಂಡನಷ್ಟೇ ಎತ್ತರದ ಹೆಂಗಸು. ಅವಳೇ ಕವಚ ತೊಟ್ಟು, ಹೊಟ್ಟೆಯ ಜಾಗಕ್ಕೆ ಹಳೆಯ ಸೀರೆ ತುರುಕಿಕೊಂಡು ಮೂರು ದಿನ ನಿಂತಳು. ಮೊದಲ ದಿನ ನಗು ತಡೆಯಲಾಗಲಿಲ್ಲ. ಎರಡನೆಯ ದಿನ ಗಂಡ ಎದುರಿಗೆ ಬಂದು "ಚಾ ತರಲೇನು?" ಎಂದು ಕೇಳಿದಾಗ, ಇದೇನೂ ಕೆಟ್ಟದ್ದಲ್ಲ ಅನ್ನಿಸಿತು.

ಚಿತ್ರ ಗೋಡೆಗೇರಿದ ದಿನ ರಾಯಿಕೋಡಿನ ಮುದುಕ ಕುರಿಗಾರ ರೇವಪ್ಪ ಅದರ ಮುಂದೆ ಬಹಳ ಹೊತ್ತು ನಿಂತ.

"ಮಾರಿ ಮಾಳಿಂಗಪ್ಪಂದೇ ಅದ. ಆದ್ರ ನಿಂತಾಕಿ ಮೋನವ್ವ! ಕುರಿ ಯಾರದರ ಹೊಲಕ್ಕ ನುಗ್ಗಿದ್ರ ಹಿಂಗೇ ನಿಂತು ಬೈತಾಳ."

ಎಲ್ಲರೂ ಹೋ ಎಂದು ನಕ್ಕರು. ಮಾಳಿಂಗಪ್ಪನ ಮುಖ ಸಣ್ಣದಾಯಿತು. ರೇವಪ್ಪ ಮಾತ್ರ ನಗಲಿಲ್ಲ. ಕುರಿಗಳಿಗೆ ರೋಗ ಬರದಂತೆ ಸೂಜಿ ಹಾಕಿಸಿರೆಂದು ಬರೆಸಿ ತಂದಿದ್ದ ಅರ್ಜಿಯನ್ನು ಅಧ್ಯಕ್ಷನ ಬದಲು ಮೋನಮ್ಮನ ಕೈಗೆ ಕೊಟ್ಟ.

"ನೀನೇ ನೋಡವ್ವಾ."

ಮೋನಮ್ಮ ಅರ್ಜಿ ಹಿಡಿದು ಗಂಡನತ್ತ ನೋಡಿದಳು; ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಮರುದಿನ ತಾನೇ ದನದ ದವಾಖಾನೆಗೆ ಹೋಗಿ, ಡಾಕ್ಟರು ತಾರೀಖು ಹೇಳುವವರೆಗೆ ಬಾಗಿಲಲ್ಲೇ ನಿಂತಳು. ಆ ವಾರವೇ ಸೂಜಿ ಬಂತು.

ಮುಂದಿನ ಚುನಾವಣೆಗೆ ಸದಸ್ಯರೆಲ್ಲ ಅವಳ ಹೆಸರನ್ನೇ ಹೇಳಿದರು. ಮಾಳಿಂಗಪ್ಪ ಎರಡು ದಿನ ಸಿಟ್ಟಿನಿಂದ ಊಟ ಬಿಟ್ಟ. ಮೂರನೆಯ ದಿನ ತಾಟಿನ ಮುಂದೆ ಬಂದು ಕೂತು, "ಫಾರಂ ನಾನೇ ತಂದು ಕೊಡ್ತೀನಿ. ಗ್ವಾಡಿ ಮ್ಯಾಲಿನ ಚಿತ್ರ ಮಾತ್ರ ತೆಗಸಬ್ಯಾಡ," ಅಂದ.

"ಯಾಕ ತೆಗಸಲಿರಿ? ಅರ್ಧ ನಂದೇ ಅದಲ್ಲ," ಎನ್ನುತ್ತ ಮೋನಮ್ಮ ಇನ್ನೊಂದು ರೊಟ್ಟಿ ಹಾಕಿದಳು.