ಒಂದು ಬೀಡಿ ದೂರ

ನಾನು ಮೂವತ್ತು ಮೀಟರಿನ ಒಂದು ಅಳತೆ ಟೇಪು. ಕಾರ್ಖಾನೆಯಲ್ಲಿ ಹುಟ್ಟಿದೆ. ಹಳದಿ ಮೈ, ಕರಿ ಅಂಕಿ, ತುದಿಗೊಂದು ಹಿತ್ತಾಳೆಯ ಉಂಗುರ. ಮೇಲೆ ಪ್ಲಾಸ್ಟಿಕ್ ಸುತ್ತಿ ಅಂಟಿಸಿದರು.

ಒಂದು ತಾಲ್ಲೂಕು ಕಚೇರಿ ನನ್ನನ್ನು ಕೊಂಡಿತು. ಊರಾಚೆಯ ಹೊಲದಲ್ಲಿ ಯಾವುದೋ ಕಂಪನಿ ಕುಲಾಂತರಿ ಬದನೆಯನ್ನು ಪ್ರಯೋಗಕ್ಕೆ ಬೆಳೆಸುತ್ತಿತ್ತು. ಅದರ ಪರಾಗ ಬೇರೆ ಬದನೆಗೆ ತಾಗಬಾರದು, ನಡುವೆ ಮುನ್ನೂರು ಮೀಟರ್ ಇರಬೇಕು ಎಂದು ನಿಯಮ. ಅಂದರೆ ನನ್ನ ಹತ್ತು ಉದ್ದ. ಕೆಲಸ ಸಿಕ್ಕಿತೆಂದು ಹಿಗ್ಗಿದೆ.

ಆದರೆ ಪರಿವೀಕ್ಷಕ ಹೊಸಕೇರಿ ಸಾಹೇಬರು ನನ್ನನ್ನು ಚೀಲದಿಂದ ತೆಗೆಯಲೇ ಇಲ್ಲ. ಪ್ರಯೋಗದ ಹೊಲದ ಬದುವಿನಲ್ಲಿ ಬೀಡಿ ಹಚ್ಚಿ, ಅಲ್ಲಿಂದ ಹೊರಕ್ಕೆ ನಡೆಯುತ್ತಿದ್ದರು. ಬೀಡಿ ಮುಗಿದಲ್ಲಿಗೆ ಮುನ್ನೂರು ಮೀಟರ್. ಐದು ಸಲ ಬಂದರು, ಐದು ಸಲವೂ ಬರೆದರು: 'ಟೇಪಿನಿಂದ ಅಳೆಯಲಾಗಿದೆ, ತೃಪ್ತಿಕರ.'

ಬೀಡಿ ಮುಗಿಯುವ ಜಾಗದಲ್ಲೇ ನೀಲವ್ವನ ಹೊಲ. ಅವಳದು ಹಸಿರು ಗೀರಿನ ನಾಟಿ ಬದನೆ. ಅದರ ಬೀಜಕ್ಕೆ ಎಂಟು ಊರಿನವರು ಕಾಯುತ್ತಿದ್ದರು. ಬೆರಕೆಯಾದರೆ ಅವಳ ಅಜ್ಜಿ ಕಾಲದ ತಳಿ ಮುಗಿದಂತೆ. ಮೂರು ಅರ್ಜಿ ಹಾಕಿದಳು. ಮೂರಕ್ಕೂ ಒಂದೇ ಉತ್ತರ: ತೃಪ್ತಿಕರ.

ಪ್ರಯೋಗದ ಗಿಡಗಳು ಮೊಗ್ಗು ಬಿಡುವ ಹೊತ್ತಿಗೆ, ನಿಯಮ ಎಷ್ಟು ಪಾಲನೆಯಾಗಿದೆ ಎಂದು ನೋಡಲು ರಾಜಧಾನಿಯಿಂದ ಫರ್ಜಾನಾ ಮೇಡಂ ಬಂದರು. ಹೊಲದಲ್ಲೇ ನಿಂತು ಐದೂ ವರದಿ ಓದಿದರು. "ಆ ಟೇಪ್ ಕೊಡಿ" ಎಂದರು.

ಸಾಹೇಬರು ಕೊಟ್ಟರು. ನಾನು ಇನ್ನೂ ಪ್ಲಾಸ್ಟಿಕ್ಕಿನೊಳಗೇ ಇದ್ದೆ.

"ಐದು ಸಲ ಇದರಲ್ಲೇ ಅಳೆದಿರಾ?"

"ಅನುಭವರೀ ಮೇಡಂ. ಒಂದ್ ಬೀಡಿ ಅಂದ್ರ ಬರೋಬ್ಬರಿ ಮುನ್ನೂರು ಮೀಟರ್."

ಪಕ್ಕದಲ್ಲೇ ನಿಂತಿದ್ದ ನೀಲವ್ವ ಸುಮ್ಮನಿರಲಿಲ್ಲ. "ಇವ್ರು ಎಳಿಯೂದ ಜಾಸ್ತಿ, ನಡಿಯೂದ ಕಮ್ಮಿ ಬಿಡ್ರಿ!"

ಮೇಡಂ ಪ್ಲಾಸ್ಟಿಕ್ ಹರಿದರು. ಮೊದಲ ಸಲ ಗಾಳಿ ಕುಡಿದೆ. ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನೀಲವ್ವನ ಕೈಯಲ್ಲಿ. ಪ್ರಯೋಗದ ಹೊಲದ ಬದುವಿನಿಂದ ಆರು ಸಲ ಪೂರ್ತಿ ಚಾಚಿದೆ. ಏಳನೆಯದು ಮುಗಿಯುವ ಮೊದಲೇ ನನ್ನ ಉಂಗುರ ಅವಳ ಬದನೆ ಎಲೆಗೆ ಬಡಿಯಿತು.

ಮರುದಿನ, ಒಂದು ಹೂವೂ ಅರಳುವ ಮೊದಲು, ಪ್ರಯೋಗದ ಗಿಡಗಳನ್ನು ಕಿತ್ತು ಸುಟ್ಟರು. ನೀಲವ್ವ ಎಲ್ಲರಿಗೂ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಸಾಹೇಬರಿಗೂ ಬಡಿಸಿದಳು. ಮೇಡಂ ವರದಿಯಲ್ಲಿ ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟರು: ನಿಯಮಕ್ಕೆ ಒಂಬತ್ತು, ಪಾಲನೆಗೆ ಒಂದು.

"ಆ ಒಂದಾದ್ರೂ ಯಾತಕ್ರೀ?" ಎಂದು ನೀಲವ್ವ ಕೇಳಿದಳು.

"ಟೇಪ್ ಕೊಂಡಿದ್ದಕ್ಕೆ."

ಅಳತೆಯ ದಿನ ವಾಪಸ್ ಸುತ್ತುವಾಗ ಜಾಲಿಮುಳ್ಳಿಗೆ ಸಿಕ್ಕಿ ನನ್ನ ಮೊದಲ ಎರಡು ಮೀಟರ್ ಹರಿದುಹೋಗಿತ್ತು. ಕಚೇರಿಗೆ ಬೇಡವಾದೆ. ನೀಲವ್ವ ಇಸಿದುಕೊಂಡಳು. ಈಗ ನನಗೆ ವಯಸ್ಸಾಗಿದೆ, ಅಂಕಿ ಮಾಸಿವೆ. ಬೀಜದ ಗಡಿಗೆಗಳ ಪಕ್ಕದ ಗೂಟದಲ್ಲಿ ನೇತಾಡುತ್ತೇನೆ. ನಿಯಮ ಬರೆಯುವವರು ದೂರ ಇರುತ್ತಾರೆ. ಅಳತೆ ಹಿಡಿಯಲು ಮಾತ್ರ ಇಬ್ಬರು ಹೊಲಕ್ಕೇ ಬರಬೇಕು. ಹೊಸ ಸಾಹೇಬರು ಯಾರೇ ಬರಲಿ, ನೀಲವ್ವ ನನ್ನನ್ನು ಎಳೆದು ತರುತ್ತಾಳೆ:

"ಬೀಡಿ ಕಿಸೇದಾಗ ಇಡ್ರಿ ಸಾಹೇಬ್ರ. ಆ ತುದಿ ಹಿಡೀರಿ. ಎರಡರಿಂದ ಎಣಸ್ರಿ ಮತ್ತ!"